ಬಾಯಾರಿದ ಪಂಪು

ನಮ್ಮೂರಿನಲ್ಲಿ ಬಾವಿ ಎಷ್ಟು ಆಳ ಎಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಬಾಯಾರುವವರು ಯಾರು ಎಂದು ಕೇಳುತ್ತಾರೆ. ಹೆಣ್ಣು ನೋಡಲು ಬಂದವರೂ ಅಷ್ಟೇ. ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಹುಡುಗಿಯ ಕೈಗೆ ಉಪ್ಪು ಹಚ್ಚಿ ಹುರಿದ ಹುರುಳಿಕಾಳು ಕೊಟ್ಟು ತಿನ್ನಿಸಿ, ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ನೀರು ಒಳಗೋಡೆಯ ಯಾವ ಕಲ್ಲುಸುತ್ತಿನ ತನಕ ಏರಿತು ಎಂದು ಬಗ್ಗಿ ನೋಡುತ್ತಾರೆ. ನನ್ನನ್ನು ನೋಡಲು ಬಂದ ದಿನ ನೀರು ಕಟ್ಟೆ ದಾಟಿ ನನ್ನ ಮಾವನವರ ಕಾಲು ತೋಯಿಸಿತ್ತು. ಅವರು ಚಪ್ಪಲಿ ಕೊಡವಿಕೊಂಡು ಅಲ್ಲೇ ತಾಂಬೂಲಕ್ಕೆ ಕೈ ಚಾಚಿದರು.

ಹೀಗೆ ನಾನು, ತಿಮ್ಮಾಜಿ, ಈ ಮನೆಯ ಬಾಯಾರುವವಳಾದೆ. ಕೆಲಸ ಕಷ್ಟದ್ದೇನಲ್ಲ, ತಾಳ್ಮೆಯದು. ದೀಪ ಹಚ್ಚಿದ ಮೇಲೆ ನೀರು ಮುಟ್ಟಬಾರದು. ಮಲಗುವ ಮುಂಚೆ ಒಂದು ಚೂರು ಮಾಗಳಿಬೇರಿನ ಉಪ್ಪಿನಕಾಯಿ ನಾಲಗೆಯ ಮೇಲಿಟ್ಟುಕೊಳ್ಳಬೇಕು. ಬೆಳಿಗ್ಗೆ ಬಾವಿಯ ಪಕ್ಕದ ಕಲ್ಲು ಹತ್ತಿ, ಒಂದು ತೊಟ್ಟೂ ನುಂಗದೆ ಬಾಯಿ ಮುಕ್ಕಳಿಸಿ ನಿಂತರೆ, ಎಲ್ಲೋ ಕಣ್ಣಿಗೆ ಕಾಣದ ಆಳದಲ್ಲಿದ್ದ ನೀರು ಕರುವಿನ ಕೂಗು ಕೇಳಿದ ಹಸುವಿನ ಹಾಗೆ ಸರಸರ ಬಂದುಬಿಡುತ್ತದೆ. ಮನೆಯವರು ಸೇದಿಕೊಳ್ಳುತ್ತಾರೆ. ಹಂಡೆ, ಬಾನಿ, ಬಿಂದಿಗೆ ಎಲ್ಲ ತುಂಬಿದ ಮೇಲೆ ನಾನು ಒಂದು ಚೊಂಬು ಎತ್ತಿ ಕುಡಿಯುತ್ತೇನೆ. ನನ್ನ ಗಂಟಲು ಗುಟುಕರಿಸಿದ ಹಾಗೆಲ್ಲ ನೀರು ಇಳಿದು ಇಳಿದು ಕತ್ತಲೆ ಸೇರಿಕೊಳ್ಳುತ್ತದೆ. ಹಗಲಲ್ಲೂ ನಾಲಗೆ ಅಂಗುಳಕ್ಕೆ ಅಂಟದೆ ನಾವು ನೀರು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಹದ ಕೆಡುತ್ತದೆ. ಕದ್ದು ಒಂದು ಗುಟುಕು ಕುಡಿದರೆ ಮಾರನೆಯ ಬೆಳಿಗ್ಗೆ ಬಾವಿಯೇ ಬೀದಿಗೆಲ್ಲ ಸಾರುತ್ತದೆ. ಕೊಡ ಎಟುಕದೆ ಗಂಡಸರು ಹಗ್ಗಕ್ಕೆ ಹಗ್ಗ ಗಂಟು ಹಾಕುವುದು ಕಂಡರೆ ಸಾಕು, “ಯಾಕ್ರಪ್ಪಾ, ನಿಮ್ಮನೇಲಿ ರಾತ್ರಿ ಪಾಯ್ಸ ಮಾಡಿದ್ರಾ?” ಎಂದು ಹೋಗಿ ಬರುವವರೆಲ್ಲ ಕೇಳುತ್ತಾರೆ.

ಗಂಡಸರು ನಿಂತರೆ ನೀರು ಏಳುವುದಿಲ್ಲವೇ ಎಂದರೆ, ಏಳುತ್ತದೆ. ಅವರು ನಿಲ್ಲುವುದಿಲ್ಲ. ನನ್ನ ಮಗ ಚಿಕ್ಕಲಿಂಗನದಾದರೂ ಸುಣ್ಣದ ಗೂಡಿನ ಕೆಲಸ. ದಿನವೆಲ್ಲ ಬೆಂಕಿಯ ಮುಂದೆ ನಿಲ್ಲುವವನು ನೀರು ಬಿಟ್ಟರೆ ಉಳಿಯುತ್ತಾನೆಯೇ? ಇನ್ನೊಂದು ಮಾತು. ನಮ್ಮೂರಲ್ಲಿ ನೆರೆಮನೆಗೆ ಅನ್ನ ಕೊಡುತ್ತೇವೆ, ಬೆಂಕಿ ಕೊಡುತ್ತೇವೆ, ನೀರು ಮಾತ್ರ ಕೊಡುವುದೂ ಇಲ್ಲ, ಕೇಳುವುದೂ ಇಲ್ಲ. ಒಬ್ಬಳ ಬಾಯಾರಿಕೆಯನ್ನು ಇನ್ನೊಬ್ಬರು ಕುಡಿಯಬಾರದು. ಮತ್ತೆ, ಒಮ್ಮೆ ಕಲ್ಲು ಹತ್ತಿ ಈ ಕೆಲಸ ಹಿಡಿದವಳು ಗಂಟಲು ಸೋಲುವತನಕ ಬಿಡುವಂತಿಲ್ಲ. ನಡುವೆ ಬಿಟ್ಟರೆ ಬಾವಿ ಮುನಿಸಿಕೊಂಡು ವರ್ಷಗಟ್ಟಲೆ ಯಾರಿಗೂ ಏಳುವುದಿಲ್ಲ.

ಈ ಬೇಸಿಗೆ ಶುರುವಾದಾಗಿನಿಂದ ಕಲ್ಲಿನ ಮೇಲೆ ನಿಂತರೆ ನನಗೆ ಕಣ್ಣು ಕತ್ತಲೆ ಬರತೊಡಗಿತು. ನಾನು ಬಾಯಿ ಬಿಡಲಿಲ್ಲ, ಚಿಕ್ಕಲಿಂಗ ಕಂಡುಕೊಂಡ. ಒಂದು ಮಧ್ಯಾಹ್ನ ಕೆಳಗಿನ ಪೇಟೆಯಿಂದ ಬಸ್ಸಿನ ತಲೆಯ ಮೇಲೆ ಒಂದು ಪಂಪು ಹೇರಿಕೊಂಡು ಬಂದ. ನೀಲಿ ಬಣ್ಣದ್ದು, ಎಮ್ಮೆಕರುವಿನಷ್ಟು ಮುದ್ದಾದದ್ದು. ಮುಂದೊಂದು ಬಾಯಿ, ನೆತ್ತಿಯ ಮೇಲೊಂದು ಬಾಯಿ, ಹಿಂದೆ ಗಾಳಿಯಾಡಲು ಬೀಸಣಿಗೆ. ಸೊಸೆ ದೇವೀರಿ ಅದಕ್ಕೆ ಅರಿಸಿನ ಕುಂಕುಮ ಇಟ್ಟಳು. ನಾನು ಅದರ ಪಕ್ಕ ಕುಳಿತು, ಮೈಮೇಲೆ ಅಂಟಿಸಿದ್ದ ಹಳದಿ ಚೀಟಿಯನ್ನು ಬೆರಳಿಟ್ಟು ಓದಿದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ನನ್ನವು, ನಿಧಾನ. ‘ನೀರು ತುಂಬಿಸದೆ ಚಾಲೂ ಮಾಡಬಾರದು’ ಎಂದಿತ್ತು. ಇನ್ನೊಮ್ಮೆ ಓದಿದೆ. ಅದೇ ಇತ್ತು.

ಪಂಪು ನಮ್ಮ ಬೀದಿಗೆ ಹೊಸದಲ್ಲ. ಗೋಡೆಯಾಚೆಯ ಹೊನ್ನಕ್ಕನ ಮನೆಗೆ ಹೋದ ವರ್ಷವೇ ಒಂದು ಬಂದಿತ್ತು. ಹೊನ್ನಕ್ಕ ಆ ಮನೆಯ ಬಾಯಾರುವವಳು, ನನ್ನ ಓರಗೆಯವಳು, ಮಾತು ಈಟಿ. ಇನ್ನು ತನ್ನ ಬದಲು ಇದು ಬಾಯಾರಲಿ ಎಂದು ಆಕೆ ಪಂಪನ್ನು ಒಳಗೂ ಹೊರಗೂ ಒಣಬಟ್ಟೆಯಲ್ಲಿ ಒರೆಸಿ, ಮಾಳಿಗೆಯ ಮೇಲೆ ಹಪ್ಪಳದ ಜೊತೆ ಬಿಸಿಲಿಗಿಟ್ಟು, ಕೂರಿಸುವ ಹೊತ್ತಿಗೆ ಅದರ ಬಾಯಿಗೆ ಒಂದು ಹಿಡಿ ಕಲ್ಲುಪ್ಪು ಸುರಿದಿದ್ದಳು. ನೀರು ಏರಿತು! ಬೀದಿಯ ಜನವೆಲ್ಲ ಕಣ್ಣಾರೆ ನೋಡಿದೆವು, ಮಕ್ಕಳು ಶಿಳ್ಳೆ ಹೊಡೆದರು. ಸ್ವಿಚ್ಚು ಹಾಕಿದ್ದೇ ತಡ, ಪಂಪು ಗೊಂಯ್ ಎಂದಿತು, ಕಿರುಚಿತು, ಒಂದು ತೊಟ್ಟೂ ಎಳೆಯಲಿಲ್ಲ. ಸುಟ್ಟ ರಬ್ಬರಿನ ವಾಸನೆ ಬಂತು, ಹೊಗೆ ಬಂತು, ನಿಂತೇ ಹೋಯಿತು. ಈಗ ಅದು ಅವರ ಕೋಳಿಗೂಡಿನ ಬಾಗಿಲಿಗೆ ಒತ್ತುಗಲ್ಲು. ಒಣಗಿದ ಪಂಪಿಗೆ ನೀರು ಏಳುತ್ತದೆ, ಆದರೆ ಒಣಗಿದ ಪಂಪು ಎಳೆಯಲಾರದು. ನೀರು ತುಂಬಿದ ಪಂಪು ಎಳೆಯುತ್ತದೆ, ಆದರೆ ಅದಕ್ಕೆ ನೀರು ಯಾಕೆ ಎದ್ದೀತು? ಕುಡಿದು ಕುಳಿತವರನ್ನು ನಮ್ಮ ಬಾವಿ ತಿರುಗಿಯೂ ನೋಡುವುದಿಲ್ಲ.

ಫಿಟ್ಟರು ಬರುವ ಹಿಂದಿನ ದಿನ ಬೆಳಿಗ್ಗೆ ನಾನು ಕಲ್ಲಿನ ಮೇಲಿಂದ ಬಿದ್ದೆ. ದೇವೀರಿ ಒಂದು ಬಿಂದಿಗೆ ಸೇದಿ ಇಳಿಸಿದ್ದಳು, ಅಷ್ಟೇ. ಎಚ್ಚರವಾದಾಗ ನನ್ನ ತಲೆ ಅವಳ ತೊಡೆಯ ಮೇಲಿತ್ತು, ತುಟಿಗೆ ಗಂಜಿ ಹನಿಸುತ್ತಿದ್ದರು, ಬಾವಿಯ ನೀರು ಪಾತಾಳ ಸೇರಿತ್ತು. ಆಸ್ಪತ್ರೆಯ ನರ್ಸಮ್ಮ ಬಂದು ಕೈ ಹಿಡಿದು ನೋಡಿ, “ಇನ್ನೊಂದ್ಸಲ ಒಣಗಿದ್ರೆ ಈ ಅಜ್ಜಿ ನಿಮಗಿಲ್ಲ” ಎಂದು ಹೇಳಿ ಹೋದಳು. ಗಂಟಲು ಸೋತಂತೆಯೇ. ಇನ್ನು ಕಲ್ಲು ಹತ್ತಬೇಕಾದವಳು ಸೊಸೆ.

“ನಾಳಿದ್ದು ಬೆಳಿಗ್ಗೆ ನಾನು ಹತ್ತೀನಿ, ಅತ್ತೆಮ್ಮ,” ಎಂದಳು ದೇವೀರಿ, ಸಂತೆಗೆ ಹೋಗಿ ಬರುತ್ತೇನೆ ಎಂದ ಹಾಗೆ.

ಅವಳು ಬಸುರಿ. ಹೊಟ್ಟೆ ಆಗತಾನೇ ಸೀರೆಯ ನೆರಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು. ಕೂಸಿಗೂ ಸೇರಿಸಿ ಕುಡಿಯಬೇಕಾದವಳು ದೀಪ ಹಚ್ಚಿದಾಗಿನಿಂದ ಬಾಯಿ ಒಣಗಿಸಿಕೊಂಡು ಕೂರುವುದೇ? ಆಮೇಲೆ ಬಾಣಂತನದಲ್ಲಿ? ಆಮೇಲೆ ಜನ್ಮವೆಲ್ಲ?

“ನಾಳೆ ಫಿಟ್ಟರು ಬತ್ತಾರೆ ಕಣವ್ವ,” ಎಂದೆ. “ಪಂಪು ನಡೆದ್ರೆ ನೀನು ಆ ಕಲ್ಲಿನ ಮೇಲೆ ಬಟ್ಟೆ ಒಗ್ಯೀವಂತೆ.”

“ನಡೀದಿದ್ರೆ?”

ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಫಿಟ್ಟರ್ ಬಾಬಾಜಾನ್ ಹೊರಗಿನ ಊರಿನವರು. ಬಿಸಿಲು ಏರುವ ಹೊತ್ತಿಗೆ ಸೈಕಲ್ಲಿಗೆ ಪೈಪು ಕಟ್ಟಿಕೊಂಡು, ಹಾಡು ಗುನುಗುತ್ತ ಬಂದರು. ಬಾವಿಗೆ ಒಂದು ಕಲ್ಲು ಎಸೆದು ಕಿವಿ ಕೊಟ್ಟರು. ಸದ್ದು ಬರಲಿಲ್ಲ. ಇನ್ನೊಂದು ಎಸೆದರು. ಅದೂ ಹೋದದ್ದೇ.

“ಏನಮ್ಮಾ ಇದು, ಬಾವಿನೋ ಪಾತಾಳನೋ? ಇದಕ್ಕೆ ಪೈಪು ಇಳಿಸ್ತಾ ಹೋದ್ರೆ ನನ್ನ ಅಂಗಡಿನೇ ಇಳಿದುಹೋಗುತ್ತೆ!”

“ನೀವು ಇಳಿಸೋದ್ ಬ್ಯಾಡಿ, ಅದೇ ಮೇಲಕ್ ಬತ್ತದೆ,” ಎಂದು ನಾನು ಹೇಳಿ, ನೀರು ಬಂದಾಗ ನಿಲ್ಲುವ ಕಲ್ಲಿನ ಸುತ್ತು ತೋರಿಸಿದೆ. ಅವರು ಗಡ್ಡ ಕೆರೆದುಕೊಂಡರು. ಊರೂರು ಸುತ್ತುವ ಮನುಷ್ಯ, ಹತ್ತು ತರಹದ ಬಾವಿ ಕಂಡಿರಬೇಕು. ಹೆಚ್ಚು ಕೇಳಲಿಲ್ಲ. ಪೈಪಿನ ತುದಿಗೆ ಜಾಲರಿ ಇರುವ ಫುಟ್‌ವಾಲ್ವು ತಿರುಗಿಸುತ್ತ, “ಇದು ಒಳಗೆ ಹೋದ ನೀರನ್ನ ವಾಪಸ್ ಬಿಡಲ್ಲ,” ಎಂದು ತೋರಿಸಿದರು. ನಾನು ಬೆರಳಿನಿಂದ ಒತ್ತಿ ನೋಡಿದೆ. ಒಳಗಿನ ಮುಚ್ಚಳ ಒಂದೇ ಕಡೆಗೆ ತೆರೆಯುತ್ತಿತ್ತು.

ಆ ಕೆಲಸ ನೋಡುವುದೇ ಒಂದು ಚೆಂದ. ನಾನು ಮಂಚ ಬಿಟ್ಟು ಹೊರಗೆ ಬಂದು ಕೂತೆ, ಯಾರು ಬೈದರೂ ಏಳಲಿಲ್ಲ. ನೀರು ಸಿಡಿಯದಷ್ಟು ದೂರದಲ್ಲಿ ಸಿಮೆಂಟಿನ ಕಟ್ಟೆ ಮೊದಲೇ ಆಗಿತ್ತು. ಅದರ ಮೇಲೆ ರಬ್ಬರಿನ ತುಂಡು ಹಾಸಿ, ಪಂಪು ಕೂರಿಸಿ, ಅಲುಗದ ಹಾಗೆ ಬೋಲ್ಟು ಬಿಗಿದರು. ಪ್ರತಿ ಸೇರಿಕೆಗೂ ಬಿಳಿ ಟೇಪು ಸುತ್ತಿದರು. ಬಾವಿಯಿಂದ ಪಂಪಿಗೆ ಬರುವ ಪೈಪು ಎಲ್ಲೂ ಗೂನು ಬೀಳದೆ ಒಂದೇ ಸಮ ಏರಬೇಕಂತೆ, ಗೂನು ಬಿದ್ದ ಕಡೆ ಗಾಳಿ ಕೂತುಬಿಡುತ್ತದಂತೆ. ಪಂಪಿನ ನೆತ್ತಿಯಿಂದ ಇನ್ನೊಂದು ಪೈಪು ಚಿಕ್ಕಲಿಂಗ ಮಾಳಿಗೆಯ ಮೇಲೆ ತಂದಿಟ್ಟಿದ್ದ ಕರಿ ಟ್ಯಾಂಕಿಗೆ ಹೋಯಿತು, ಅಲ್ಲಿಂದ ಮತ್ತೊಂದು ಅಡುಗೆಮನೆಯ ಹೊಸ ನಲ್ಲಿಗೆ ಇಳಿಯಿತು. ಕರೆಂಟಿನ ಕೆಲಸಕ್ಕೆ ಬಂದಾಗ ಹಾಡು ನಿಲ್ಲಿಸಿದರು. ಮೇನ್ ಸ್ವಿಚ್ಚು ಇಳಿಸಿ, ಫ್ಯೂಸು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. “ನನ್ನ ಜೀವ ನನ್ನ ಜೇಬಲ್ಲಿರಲಿ” ಎಂದರು. ಆಮೇಲೂ ಟೆಸ್ಟರ್ ಇಟ್ಟು ನೋಡಿದ ಮೇಲೆಯೇ ತಂತಿ ಮುಟ್ಟಿದ್ದು. ಪಂಪಿಗೇ ಬೇರೆ ಸ್ವಿಚ್ಚಿನ ಪೆಟ್ಟಿಗೆ, ಅದೂ ಬಾವಿಯ ಹತ್ತಿರ ಅಲ್ಲ, ಮುಂದಿನ ಜಗುಲಿಯ ಸೂರಿನಡಿ.

ಚಿಕ್ಕಲಿಂಗನಿಗೆ ಅವಸರ. ಮೂರನೆಯ ಹಸಿರು ತಂತಿಗೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬುವುದು ನೋಡಿ ಅವನಿಗೆ ತಡೆಯಲಿಲ್ಲ.

“ಬಾಬಣ್ಣ, ಎರಡು ತಂತಿ ಸಾಕಲ್ವಾ? ಕರೆಂಟು ಹೋಗಕ್ಕೊಂದು ಬರಕ್ಕೊಂದು. ಇದ್ಯಾಕೆ ಬಾಲ?”

“ಆ ಎರಡು ಪಂಪಿಗೆ, ತಮ್ಮಾ,” ಎಂದರು ಬಾಬಾಜಾನ್ ತಲೆಯೆತ್ತದೆ. “ಇದು ನಿನ್ನ ಹೆಂಡ್ತಿಗೆ. ಒಳಗೆ ತಂತಿ ಎಲ್ಲಾದ್ರೂ ಸವೆದು ಪಂಪಿನ ಮೈಗೆ ಕರೆಂಟು ಬಂತು ಅಂದ್ಕೋ. ಒದ್ದೆ ಕೈಯಲ್ಲಿ ಅವಳು ಮುಟ್ತಾಳೆ. ಈ ಬಾಲ ಇದ್ರೆ ಕರೆಂಟು ಭೂಮಿಗೆ ಹೋಗುತ್ತೆ. ಇಲ್ದಿದ್ರೆ ಅವಳ ಮೇಲೆ ಹೋಗುತ್ತೆ. ಈಗ ಹೇಳು, ಕಿತ್ತುಹಾಕ್ಲಾ?”

ಚಿಕ್ಕಲಿಂಗ ಗುದ್ದಲಿ ತಾನೇ ಇಸಿದುಕೊಂಡು ಗುಂಡಿಯನ್ನು ಇನ್ನೂ ಒಂದು ಮೊಳ ಆಳ ಮಾಡಿದ.

ಎಲ್ಲ ಮುಗಿಯಿತು. ಬೀದಿಯ ಅರ್ಧ ಜನ ಗೋಡೆಯ ಮೇಲಿದ್ದರು. ಹೊನ್ನಕ್ಕನಂತೂ ಒರಳುಕಲ್ಲು ಉರುಳಿಸಿಕೊಂಡು ಬಂದು ಅದರ ಮೇಲೆ ಹತ್ತಿ ನಿಂತಿದ್ದಳು. ಬಾಬಾಜಾನ್ ಪಂಪಿನ ನೆತ್ತಿಯ ಪಕ್ಕದ ಒಂದು ಸಣ್ಣ ಬಿರಟೆ ತಿರುಗಿಸಿ ತೆಗೆದು, ಕೈ ಒರೆಸಿಕೊಂಡು ಹೇಳಿದರು: “ಒಂದು ಬಿಂದಿಗೆ ನೀರು ತನ್ನಿ. ಇದರ ಬಾಯಿಗೆ ಹುಯ್ಯಬೇಕು.”

ಗೋಡೆಯುದ್ದಕ್ಕೂ ಹುಯಿಲೆದ್ದಿತು.

“ಅಯ್ಯಯ್ಯೋ, ಬಾಯಿಗ್ ನೀರ್ ಹುಯ್ದ್‌ಬುಟ್ಟು ಬಾವಿ ಕರ್ದ್ರೆ ಯಾವ್ ಬಾವಿ ಬಂದದು!” ಎಂದಳು ಹೊನ್ನಕ್ಕ. “ಉಂಡೆದ್ದೋನ್ನ ಕರ್ಕಬಂದು ಭಿಕ್ಷಕ್ ಕುಂಡ್ರಿಸ್ದಂಗಾಯ್ತು. ತಿಮ್ಮಾಜಿ, ನಿನ್ ಫಿಟ್ಟರ್‌ಗೆ ತಲೆ ನೆಟ್ಟಗದಾ ಕೇಳು!”

“ಮನೇಲಿರೋದೇ ಒಂದು ಬಿಂದಿಗೆ, ಬಾಬಣ್ಣ,” ಎಂದ ಚಿಕ್ಕಲಿಂಗ. “ಅದನ್ನೂ ಇದಕ್ಕೇ ಕುಡಿಸಿ, ಬಾವಿ ಏಳದಿದ್ರೆ? ಹಂಗೇ ಒಂದ್ಸಲ ಹಾಕಿ ನೋಡಾನ.”

“ಒಣಗಿದ್ದನ್ನ ನಾನು ಚಾಲೂ ಮಾಡಲ್ಲ,” ಎಂದರು ಬಾಬಾಜಾನ್. ಸಿಟ್ಟಿಲ್ಲ, ಸುಮ್ಮನೆ ಹೇಳಿದ್ದು. “ಒಳಗಿನ ಚಕ್ರ ನೀರಲ್ಲೇ ತಿರುಗಬೇಕು, ನೀರೇ ಅದಕ್ಕೆ ತಂಪು. ಬರೀ ಗಾಳಿ ಹಿಡ್ಕೊಂಡು ಅದು ಏನನ್ನ ಎಳೆಯುತ್ತೆ? ಸುಡುತ್ತೆ. ನಿಮಗೆ ಬೇಡ ಅಂದ್ರೆ ನಾನು ಸಾಮಾನು ಕಟ್ಟಿಕೊಳ್ತೀನಿ. ನಿಮ್ಮ ದುಡ್ಡೂ ಬೇಡ.”

ಆಗ ದೇವೀರಿ, ನೀರಿನ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದವಳು, ಅದನ್ನು ನೆಲಕ್ಕಿಟ್ಟಳು. “ಬುಡಿ ಅತ್ತ. ಪಂಪು ಇವತ್ತಲ್ದಿದ್ರೆ ಇನ್ನೊಂದಿನ ಆಯ್ತದೆ. ನಾಳೆ ಬೆಳಿಗ್ಗೆ ಹತ್ತೋದ್ನ ಈಗ್ಲೇ ಹತ್ತೀನಿ. ಬೆಳಿಗ್ಗೆಯಿಂದ ಬಾಯಿಗ್ ನೀರ್ ಹಾಕಿಲ್ಲ ನಾನು,” ಎಂದು ಸೆರಗು ಸಿಕ್ಕಿಸಿಕೊಂಡು ನೇರ ಬಾವಿಯ ಕಡೆ ನಡೆದಳು. ಅವಳ ನೆರಳು ಬಾವಿಯ ಬಾಯಿಗೆ ಬಿದ್ದಿತೋ ಇಲ್ಲವೋ, ಒಳಗೆ ಬಹಳ ಆಳದಲ್ಲಿ ಗಳ್ ಎಂದಿತು. ನೀರಿಗೆ ಸುಳಿವು ಸಿಕ್ಕಿತ್ತು. ಅವಳ ಒಂದು ಕಾಲು ಕಲ್ಲಿನ ಮೇಲೆ ಊರುವ ಮೊದಲೇ ನಾನು ಹೇಗೆ ಎದ್ದೆನೋ, ಹೇಗೆ ಓಡಿದೆನೋ ಕಾಣೆ, ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದೆ.

“ಅಯ್ಯೋ, ನೋಯ್ತದೆ ಅತ್ತೆಮ್ಮ!”

“ನೋಯ್ಲಿ! ಇವತ್ ಜಡೆ ನೋಯ್ಲಿ, ಜನ್ಮ ನೋಯೋದ್ ಬ್ಯಾಡ.”

ಅಷ್ಟು ಓಡಿದ್ದಕ್ಕೆ ನನಗೆ ತಲೆ ಸುತ್ತಿ ಬಂತು. ಚಿಕ್ಕಲಿಂಗ ಹಿಡಿದು ಕೂರಿಸಿದ. ದೇವೀರಿ ಬಿಂದಿಗೆಯಿಂದ ಒಂದು ಬೊಗಸೆ ತಂದು ಬಾಯಿಗೆ ಹಿಡಿದಳು. ನಾನು ಬಾಯಿಗೆ ತೆಗೆದುಕೊಂಡೆ, ಅಭ್ಯಾಸದ ಮೇಲೆ ನುಂಗದೆ ಹಾಗೇ ಹಿಡಿದುಕೊಂಡೆ. ಬಾವಿಯಲ್ಲಿ ಮತ್ತೆ ಗಳ್ ಎಂದಿತು, ಈ ಸಲ ಹತ್ತಿರದಿಂದ. ಆ ಸದ್ದು ನನಗೆ ಗೊತ್ತು. ದಿನಾ ಬೆಳಿಗ್ಗೆ ಕಲ್ಲಿನ ಮೇಲೆ ನಿಂತು ಬಾಯಿ ಮುಕ್ಕಳಿಸುವಾಗ ಬರುತ್ತಿದ್ದ ಸದ್ದು. ಬಾಯಿ ತುಂಬ ನೀರು, ನುಂಗುವ ಹಾಗಿಲ್ಲ, ಉಗಿಯಲು ಮನಸ್ಸಿಲ್ಲ. ಆ ಒಂದು ಗಳಿಗೆಯಲ್ಲಿ ನೀರು ಧಿಗ್ಗನೆ ಒಂದು ಸುತ್ತು ಮೇಲಕ್ಕೆ ನೆಗೆಯುತ್ತಿತ್ತು. ಇಷ್ಟು ಕಾಲ ಅದರ ಮೇಲೆ ನಿಂತೂ ನಾನು ಅದು ಯಾಕೆಂದು ಯೋಚಿಸಿರಲಿಲ್ಲ. ನೀರನ್ನು ಬದಿಗೆ ಉಗಿದು, ನಗು ತಡೆಯಲಾಗದೆ ಕೂಗಿದೆ:

“ಹುಯ್ರಿ, ಬಾಬಣ್ಣ! ಬಾಯ್ತುಂಬ ಹುಯ್ರಿ!”

“ಏನಾಯ್ತವ್ವ ನಿಂಗೆ?” ಎಂದ ಮಗ.

“ಬಾಯ್ಗೆ ನೀರು ಹುಯ್ದ್ರೆ ಬಾಯಾರಿಕೆ ಹೋಯ್ತದಾ? ನುಂಗಿದ್ರೆ ತಾನೇ ಹೋಗೋದು? ಬಾಯ್ತುಂಬ ಇದ್ದೂ ಹೊಟ್ಟೆಗ್ ಒಂದ್ ತೊಟ್ಟು ಇಳೀದಿದ್ರೆ, ಅದ್ಕಿಂತ ದೊಡ್ ಬಾಯಾರಿಕೆ ಇನ್ನ್ಯಾವ್ದ್ಲಾ? ನನ್ನ ಕೇಳು, ನಂಗೊತ್ತು. ಪಂಪಿಂದು ಬಾಯಿ ತುಂಬ್ಲಿ. ಹೊಟ್ಟೆ ಒಣಗಿರ್ಲಿ!”

ಬಾಬಾಜಾನ್ ನನ್ನನ್ನೂ ಪಂಪನ್ನೂ ಒಂದು ಸಲ ನೋಡಿದರು. “ಅಮ್ಮಾ, ಅದು ನಿಮ್ಮ ಬಾವಿ ಲೆಕ್ಕ, ನೀವೇ ಬಲ್ಲಿರಿ. ನನ್ನ ಲೆಕ್ಕಕ್ಕೆ ಬಾಯಿ ತುಂಬಿದ್ರೆ ಆಯ್ತು,” ಎಂದು ಬಿಂದಿಗೆ ಎತ್ತಿದರು. ನಿಧಾನ ಹುಯ್ದರು. ಗುಳುಗುಳು ಎಂದು ಗುಳ್ಳೆ ಬಂತು, ನೀರು ಕೆಳಗಿಳಿಯಿತು. ಗಾಳಿ ಹೊರಗೆ ಬರಲು ಬಿಟ್ಟು ಮತ್ತೆ ಹುಯ್ದರು. ನಾವೆಲ್ಲ ಬಿಂದಿಗೆಯ ತಳ ಕಾಣುವುದನ್ನು ಉಸಿರು ಹಿಡಿದು ನೋಡುತ್ತಿದ್ದೆವು. ಕೊನೆಗೆ ನೀರು ಆ ತೂತಿನ ಅಂಚಿಗೆ ಬಂದು ಕನ್ನಡಿಯ ಹಾಗೆ ನಿಂತಿತು. ಅವರು ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿದರು. ಇಳಿಯಲಿಲ್ಲ. “ಫುಟ್‌ವಾಲ್ವು ಹಿಡಿದಿದೆ. ಎಲ್ಲೂ ಸೋರಿಕೆ ಇಲ್ಲ,” ಎಂದು ಬಿರಟೆ ಬಿಗಿದರು.

ಈಗ ಬಾಯಾರಿದವರು ಯಾರೂ ಬಾವಿಯ ಹತ್ತಿರ ಇರಬಾರದು, ಇಲ್ಲದಿದ್ದರೆ ನೀರು ಎದ್ದದ್ದು ಅವರಿಗೋ ಪಂಪಿಗೋ ಯಾರು ಹೇಳಬೇಕು? ದೇವೀರಿಯನ್ನೂ ಚಿಕ್ಕಲಿಂಗನನ್ನೂ ಮಾಳಿಗೆಗೆ ಅಟ್ಟಿದೆ. ನಾನು ಮುಂದಿನ ಜಗುಲಿಗೆ ಹೋದೆ. ಬಾಬಾಜಾನ್ ಬಸ್‌ಸ್ಟ್ಯಾಂಡಿನಲ್ಲಿ ಟೀ ಮೇಲೆ ಟೀ ಕುಡಿದು ಬಂದಿದ್ದರು, ಪಂಪಿನ ಹತ್ತಿರ ಅವರು ಇರಬಹುದು. ಬಗ್ಗಿ ನೋಡಿ ಹೇಳುವವರು ಯಾರು? ಬೆಳಿಗ್ಗೆ ತನ್ನ ಮನೆಯ ಕೆಲಸ ಮುಗಿಸಿ ಚೊಂಬು ತುಂಬ ಕುಡಿದು ಬಂದವಳು ಒಬ್ಬಳೇ.

“ನಾನೇ ಬತ್ತೀನಿ, ಸರೀರಿ!” ಎಂದು ಹೊನ್ನಕ್ಕ ಈ ವಯಸ್ಸಿನಲ್ಲಿ ಗೋಡೆ ಹಾರಿದಳು. ಬಾವಿಕಟ್ಟೆಗೆ ಎದೆಯಾನಿಸಿ ಬಗ್ಗಿದಳು.

“ಏನ್ ಕಾಣ್ತದೆ?” ನಾನು ಜಗುಲಿಯಿಂದ ಕೂಗಿದೆ.

“ಕತ್ಲೆ ಕಾಣ್ತದೆ.”

“ಈಗ?”

“ಕತ್ಲೇನೆ. ನಾ ಬಡ್ಕೊಂಡೆ, ಕೇಳಿದ್ಯಾ?”

ಹೊತ್ತು ಹೋಯಿತು. ಬಾಬಾಜಾನ್ ಸೇರಿಕೆಗಳನ್ನೆಲ್ಲ ಮತ್ತೊಮ್ಮೆ ಮುಟ್ಟಿ ನೋಡಿದರು, ಎಲ್ಲ ಸರಿಯಾಗಿತ್ತು. ಬಾಯಿ ತುಂಬಿದೆ, ಮತ್ತೆ ಯಾಕೆ ಬಾಯಾರಿಲ್ಲ? “ಬಾಬಣ್ಣ, ಇದರ ಹೊಟ್ಟೆ ಯಾವ್ದು?” ಎಂದು ಜಗುಲಿಯಿಂದಲೇ ಕೂಗಿ ಕೇಳಿದೆ.

“ಹೊಟ್ಟೆ ಅಂದ್ರೆ... ಮೇಲಿನ ಟ್ಯಾಂಕೇ ಅಂದ್ಕೊಳಿ.”

“ಲೋ ಚಿಕ್ಕಲಿಂಗ! ಟ್ಯಾಂಕಿನೊಳಗೆ ಏನದೆ ನೋಡ್ಲಾ!”

ಮೇಲೆ ಮುಚ್ಚಳ ಸರಿಸಿದ ಸದ್ದಾಯಿತು. ಆಮೇಲೆ ಮಗನ ದನಿ ಟ್ಯಾಂಕಿನೊಳಗಿಂದ ಗುಂಯ್ಗುಟ್ಟಿತು. “ಮೊನ್ನೆ ತೊಳ್ದಿದ್ನಲ್ಲವ್ವ, ತಳದಲ್ಲಿ ಒಂಚೂರು ನಿಂತದೆ.”

“ಒಂಚೂರಂತೆ! ಕುಡ್ಸಿ ಮಲಗ್ಸವ್ನೆ, ಆಮೇಲ್ ಎಬ್ಬುಸ್ತಾನೆ! ಒರ್ಸೋ ಅದನ್ನ!”

ಅವನು ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿ ಹಿಂಡಿದ, ಒರೆಸಿ ಹಿಂಡಿದ. ದೇವೀರಿ ತನ್ನ ಸೆರಗನ್ನೂ ಕೊಟ್ಟಳಂತೆ. “ಒಣಗ್ತು!” ಎಂದು ಅವನು ಕೂಗಿದ್ದಕ್ಕೂ ಹೊನ್ನಕ್ಕ ಕಿಟಾರನೆ ಕಿರುಚಿದ್ದಕ್ಕೂ ನಡುವೆ ಒಂದು ಉಸಿರು ಎಳೆಯುವಷ್ಟೂ ಹೊತ್ತಿರಲಿಲ್ಲ.

“ಮಿಂಚ್ತು! ತಿಮ್ಮಾಜೀ, ಕೆಳಗೆ ಮಿಂಚ್ತು ಕಣೇ! ಬತ್ತಾ ಅದೆ! ಅಯ್ಯೋ ನನ್ ಶಿವನೇ, ಓಡ್ ಬತ್ತಾ ಅದೆ! ಕರೀಕಲ್ ದಾಟ್ತು, ಪಾಚಿಕಲ್ ದಾಟ್ತು, ಜಾಲರಿ ಮುಳುಗ್ತು! ಫಿಟ್ಟರಣ್ಣ, ನಿಮ್ ಜಾಲರಿ ಮುಳುಗ್ತು!”

ಬಾಬಾಜಾನ್ ಜೇಬಿನಿಂದ ಫ್ಯೂಸು ತೆಗೆದುಕೊಂಡು ಜಗುಲಿಗೆ ಓಡಿ ಬಂದರು. ಹಾಕಿದರು, ಮೇನ್ ಏರಿಸಿದರು. ಆಮೇಲೆ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ನಿಂತರು. “ನೀವೇ ಹಾಕಿ ಅಮ್ಮಾ. ಚಪ್ಪಲಿ ಮೆಟ್ಟಿಕೊಳ್ಳಿ. ಕೈ ಒಣಗಿದೆಯಾ?”

“ಒಣಗೋದು ನಮ್ ಮನೆತನದ್ ಕಸುಬು, ಬಾಬಣ್ಣ,” ಎಂದೆ. ಆದರೂ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಬೆರಳು ಸ್ವಿಚ್ಚಿನ ಮೇಲಿಟ್ಟೆ. ಒತ್ತಿದೆ.

ಗುಂಯ್ ಎಂದಿತು. ಹಿತ್ತಲಿನಿಂದ ಬಂದ ಆ ಸದ್ದು ಗೋಡೆ ಹಾದು, ನೆಲ ಹಾದು, ನನ್ನ ಅಂಗಾಲಿಗೆ ಬಂತು. ಕಿರುಚುವ ಸದ್ದಿಗೆ ಕಾದೆ. ಸುಟ್ಟ ವಾಸನೆಗೆ ಮೂಗರಳಿಸಿದೆ. ಬಾಬಾಜಾನ್ ಹಿತ್ತಲಿಗೆ ಹೋಗಿ ಪಂಪಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕಿವಿಗೊಟ್ಟಿದ್ದರಂತೆ. ಪೈಪು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದು ಇದ್ದಕ್ಕಿದ್ದಂತೆ ದಪ್ಪವಾಯಿತು, ಗೋಡೆಯ ಪಕ್ಕದ ಪೈಪು ಮುಟ್ಟಿದರೆ ತಣ್ಣಗೆ! ಮಾಳಿಗೆಯ ಮೇಲಿಂದ ಡಬಡಬ ಎಂದು ಖಾಲಿ ಟ್ಯಾಂಕಿನ ತಳಕ್ಕೆ ನೀರು ಬಡಿಯುವ ಸದ್ದು, ಅದರ ಮೇಲೆ ದೇವೀರಿಯ ಕೂಗು:

“ಬಂತು! ಅತ್ತೆಮ್ಮಾ, ಬಂತು! ಹಾಲಿನಂಗ್ ನೊರೆನೊರೆ ಬತ್ತಾ ಅದೆ!”

ಬೀದಿಗೆ ಬೀದಿಯೇ ಕೂಗಿತು. ಯಾರೋ ತಟ್ಟೆ ಬಡಿದರು. ನನ್ನ ಕಾಲಿಗೆ ಎಲ್ಲಿಂದ ಶಕ್ತಿ ಬಂತೋ, ಚಪ್ಪಲಿಯಲ್ಲೇ ಅಂಗಳ ಸುತ್ತಿ ಹಿತ್ತಲಿಗೆ ಬಂದರೆ ಹೊನ್ನಕ್ಕ ಇನ್ನೂ ಕಟ್ಟೆಯ ಮೇಲೆ ಬಗ್ಗಿ, “ಇಳೀತಿಲ್ಲ ಕಣೇ, ಎಷ್ಟ್ ಎಳುದ್ರೂ ಇಳೀತಿಲ್ಲ, ನನ್ ಗಂಡ ಮಾವನ್ ಮನೇಲ್ ಕುಂತಂಗ್ ಕುಂತದೆ!” ಎನ್ನುತ್ತಿದ್ದಳು.

“ಅಮ್ಮಾ, ಒಂದು ಮಾತು,” ಎಂದರು ಬಾಬಾಜಾನ್, ಸದ್ದಿಗೆ ಮೀರಿ ಕೂಗಿ. “ನಿಮ್ಮ ಲೆಕ್ಕದಲ್ಲೇ ಹೇಳ್ತೀನಿ. ಕರೆಯುವಾಗ ಹೊಟ್ಟೆ ಒಣಗಿರಬೇಕು, ಒಮ್ಮೆ ಎದ್ದ ನೀರು ಅದು ತುಂಬೋತನಕ ನಿಲ್ಲುತ್ತೆ. ತುಂಬಿಬಿಟ್ರೆ ಬಾವಿ ಇಳಿಯುತ್ತೆ. ಬಾವಿ ಇಳಿದ್ರೆ ಜಾಲರಿ ಗಾಳಿ ಎಳೆಯುತ್ತೆ. ಆಗ ಪಂಪು ಸುಡುತ್ತೆ. ಅದಕ್ಕೇ ಹೊಟ್ಟೆ ಪೂರ್ತಿ ತುಂಬೋ ಮುಂಚೆ ಆರಿಸಿ. ಯಾವತ್ತೂ. ಟ್ಯಾಂಕಿನ ಹತ್ರ ಒಬ್ರು, ಸ್ವಿಚ್ಚಿನ ಹತ್ರ ಒಬ್ರು. ನಾಳೆ ಟ್ಯಾಂಕು ಖಾಲಿಯಾಗಿದ್ರೆ ಸಾಕು, ಬಾಯಲ್ಲಿರೋ ನೀರನ್ನ ವಾಲ್ವು ಹಿಡ್ಕೊಂಡೇ ಇರುತ್ತೆ. ಆದ್ರೂ ಹಾಕೋ ಮುಂಚೆ ಬಿರಟೆ ತೆಗೆದು ನೋಡಿ.”

ರಾತ್ರಿಯೆಲ್ಲ ಬಾಯಲ್ಲಿ ನೀರು ಹಿಡಿದುಕೊಂಡು, ನುಂಗದೆ, ಹಿತ್ತಲಿನಲ್ಲಿ ಒಂಟಿ ಕೂತಿರಬೇಕು ಪಾಪ ಎನ್ನಿಸಿತು ನನಗೆ. ಅದರ ನೀಲಿ ಬೆನ್ನು ಸವರಲು ಕೈ ಚಾಚಿದೆ. ಬಾಬಾಜಾನ್ ನನ್ನ ಕೈ ತಡೆದು, ಮೊದಲು ಟೆಸ್ಟರ್ ಇಟ್ಟು ನೋಡಿ, ಆಮೇಲೆ ಬಿಟ್ಟರು. ಬೆಚ್ಚಗಿತ್ತು, ಹಾಲು ಕುಡಿಸುವ ಹಸುವಿನ ಮೈಯ ಹಾಗೆ.

ದೇವೀರಿ ಮೇಲಿನಿಂದ “ಸಾಕು, ಮುಕ್ಕಾಲಾಯ್ತು!” ಎಂದಾಗ ಚಿಕ್ಕಲಿಂಗ ಮಾಳಿಗೆ ಇಳಿದು ಓಡಿಬಂದು ಆರಿಸಿದ. ಆಮೇಲೆ ಅಡುಗೆಮನೆಯ ಹೊಸ ನಲ್ಲಿಯಲ್ಲಿ ನೀರು ಬಿದ್ದ ಸದ್ದಾಯಿತು. ದೇವೀರಿ ಲೋಟ ಹಿಡಿದುಕೊಂಡು ಬಂದಳು. ನನಗೆ ಕೊಡಲು ಬಂದವಳನ್ನು ತಡೆದು, “ಮೊದ್ಲು ನೀನು,” ಎಂದೆ. “ಬಾವಿ ಪಕ್ಕ ನಿಂತ್ಕೊಂಡು ಕುಡಿ. ಎಲ್ರೂ ನೋಡ್ಲಿ.” ಅವಳು ಕಲ್ಲಿಗೆ ಒರಗಿ ನಿಂತು, ಲೋಟ ಎತ್ತಿ ಕುಡಿದಳು. ಮತ್ತೊಂದು ತುಂಬಿಸಿಕೊಂಡು ಕುಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೂರನೆಯದನ್ನೂ ಕುಡಿದಳು. ನಡು ಮಧ್ಯಾಹ್ನ, ಯಾರ ಹಂಗೂ ಇಲ್ಲದೆ. ನನಗೆ ಕಣ್ಣು ತುಂಬಿ ಅವಳು ಎರಡಾಗಿ ಕಂಡಳು.

ಆಮೇಲೆ ನಾನು ಕುಡಿದೆ. ನಿನ್ನೆಯಿಂದ ಗಂಜಿ ಬಿಟ್ಟರೆ ನೀರು ಕಾಣದ ಗಂಟಲು. ಅಮೃತ ಎಂದರೆ ಅಮೃತ. ಲೋಟ ಕೆಳಗಿಟ್ಟೆ.

“ಇನ್ನೊಂದು,” ಎಂದಳು ಸೊಸೆ.

“ಸಾಕು ಕಣವ್ವ. ಬಾಯಾರಿಕೆ ಹೋಯ್ತು.”

“ಬಾಯಾರಿಕೆ ಹೋದ್ರೇನಂತೆ? ನರ್ಸಮ್ಮ ಏನ್ ಹೇಳವ್ಳೆ? ಸುಮ್ನೆ ಕುಡೀರಿ.”

ಸುಮ್ಮನೆ ಕುಡಿಯುವುದು! ಮದುವೆಯಾಗಿ ಬಂದಾಗಿನಿಂದ ಅಂಥದೊಂದು ಮಾಡಿದ ನೆನಪಿಲ್ಲ. ಹೊಸ ಸೀರೆ ಉಟ್ಟ ಹಾಗೆ ನಾಚಿಕೆಯಾಯಿತು. ಲೋಟ ತೆಗೆದುಕೊಂಡು, ಅವಸರವಿಲ್ಲದೆ, ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಮುಖ ಕಿವಿಚಿತು. ಇನ್ನೊಂದು ಗುಟುಕು ಕುಡಿದು ನೋಡಿದೆ. ಸುಳ್ಳಲ್ಲ.

“ಏ ದೇವೀರಿ! ಇದೇನೇ ಇದು? ಉಪ್ಪುಪ್ಪು! ಸವುಳು ನೀರು!”

ದೇವೀರಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಗೋಡೆಯ ಮೇಲಿದ್ದವರು ಆಕಾಶ ನೋಡಿದರು.

“ನಮ್ಮೂರ್ ನೀರು ಮೊದ್ಲಿಂದ್ಲೂ ಸವುಳೇ, ಅತ್ತೆಮ್ಮ,” ಎಂದಳು ಅವಳು ಮೆಲ್ಲಗೆ. “ಅದ್ಕೇ ಸಾರಿಗೆ ನಾವು ಉಪ್ಪು ಕಮ್ಮಿ ಹಾಕೋದು. ಎಲ್ರಿಗೂ ಗೊತ್ತು. ಕಲ್ ಮೇಲೆ ನಿಲ್ಲೋರು ಇಳಿದ್ ಬಂದು ಚೊಂಬೆತ್ತಿ ಕುಡ್ದು, ‘ಆಹಾ, ಎಂಥಾ ಸಿಹಿ’ ಅಂತೀರಿ. ಹೇಳಕ್ಕೆ ಯಾರ್ಗೂ ಮನಸ್ಸು ಬರ್ನಿಲ್ಲ.”

“ಸುಳ್ಳು!” ಎಂದಳು ಹೊನ್ನಕ್ಕ, ಬಾವಿಕಟ್ಟೆಯ ಮೇಲಿಂದ ನೆಟ್ಟಗಾಗಿ, ಕೆಂಡಾಮಂಡಲವಾಗಿ. “ನಮ್ಮೂರ್ ನೀರು ಸಕ್ರೆ! ದಿನಾ ಬೆಳಿಗ್ಗೆ ಕುಡೀತೀನಿ, ನಂಗೊತ್ತಿಲ್ವಾ? ನಿನ್ ನಾಲ್ಗೆ ಕೆಟ್ಟೋಗದೆ ತಿಮ್ಮಾಜಿ!”

ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಲೋಟದಲ್ಲಿ ಉಳಿದದ್ದನ್ನು ಪೂರ್ತಿ ಕುಡಿದೆ, ಅಂಥಾ ಸವುಳು, ಅಂಥಾ ಕೆಟ್ಟ ನೀರು, ತೊಟ್ಟು ಬಿಡದೆ ಕುಡಿದು, ಲೋಟವನ್ನು ಸೊಸೆಯ ಕಡೆ ಚಾಚಿ, “ಇನ್ನೊಂದು ತಾ” ಎಂದೆ.